ಹಬ್ಬದ ಬೀದಿಗೆ ಬೆಲೆ ಕಟ್ಟುವವರಾರು?

ಹಬ್ಬವು ಮನೆಯಲ್ಲಿ ಹುಟ್ಟಿದರೂ ಬೀದಿಗೆ ಬಂದಾಗಲೇ ಅದು ಊರಿನ ಹಬ್ಬವೆನಿಸುತ್ತದೆ. ಬೀದಿಯಾದರೋ ಸರ್ವರ ಸ್ವತ್ತು. ಅದರ ಉಸ್ತುವಾರಿಯ ಹೊಣೆ ಪೌರಾಡಳಿತದ್ದು. ಆದುದರಿಂದ ವಾದ್ಯಮೇಳ ಬೀದಿಗಿಳಿದ ಕ್ಷಣದಿಂದಲೇ ಪರವಾನಗಿಯ ಪ್ರಶ್ನೆ, ಪೊಲೀಸ್ ಬಂದೋಬಸ್ತಿನ ಪ್ರಶ್ನೆ, ಮರುದಿನ ಕಸ ಗುಡಿಸುವ ಪ್ರಶ್ನೆ ಒಂದರ ಹಿಂದೊಂದಾಗಿ ಎದ್ದು ನಿಲ್ಲುತ್ತವೆ. ಈ ಎಲ್ಲವುಗಳ ಕೊನೆಯಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಇದರ ವೆಚ್ಚವನ್ನು ಯಾರು ಭರಿಸಬೇಕು? ಹಬ್ಬ ಮಾಡುವವರೇ, ಇಲ್ಲವೇ ಊರೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 2006 ಮತ್ತು 2007ರಲ್ಲಿ ನಡೆದ ವ್ಯಾಜ್ಯವೊಂದನ್ನು ಗಮನಿಸಬೇಕೆಂದು ನಮಗೆ ತೋರುತ್ತದೆ. ಬಡ ಕುಟುಂಬಗಳೇ ಹೆಚ್ಚಾಗಿ ಸೇರಿಕೊಂಡು ಕಟ್ಟಿದ ಸಂಘಗಳು ಒಂದು ಕಡೆ, ನಗರಾಡಳಿತ ಮತ್ತು ಅದರ ಪೊಲೀಸ್ ಇಲಾಖೆ ಮತ್ತೊಂದು ಕಡೆ ನಿಂತಿದ್ದ ಆ ವ್ಯಾಜ್ಯ ಮೆರವಣಿಗೆಯ ಶುಲ್ಕಕ್ಕೆ ಸಂಬಂಧಿಸಿದುದಾಗಿತ್ತು. ಸಂಗತಿ ದೂರದ ಊರಿನದಾದರೂ ಅದರೊಳಗಿನ ಬೇನೆ ನಮಗೆ ಅಪರಿಚಿತವಲ್ಲ. ವಾಳೆಯಿಂದ ವಾಳೆಗೆ ಚಂದಾ ಎತ್ತಿ ಹಬ್ಬ ನಡೆಸಿದ ಅನುಭವವಿರುವ ಯಾವ ಕುಟುಂಬಕ್ಕಾದರೂ ಇದು ಸುಲಭವಾಗಿ ಅರ್ಥವಾದೀತು.

ಮೊದಲು ಆ ಊರಿನ ಪರಿಚಯ. ಮಿಸಿಸಿಪ್ಪಿ ನದಿಯ ದಡದಲ್ಲಿ 1718ರಲ್ಲಿ ಫ್ರೆಂಚರು ಕಟ್ಟಿದ ನಗರವಿದು. ಆಮೇಲೆ ಸ್ಪೇನಿನ ವಶದಲ್ಲಿದ್ದು, 1803ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿತು. ಫ್ರೆಂಚರೂ ಸ್ಪೇನಿನವರೂ ಕಥೋಲಿಕರಾಗಿದ್ದುದರಿಂದ ನಗರದ ಮೈಯಲ್ಲೆಲ್ಲ ಕಥೋಲಿಕ ಸಂಸ್ಕೃತಿಯ ಗುರುತು ಉಳಿದಿದೆ. ಅಮೆರಿಕದ ಬೇರೆ ಬಹುತೇಕ ರಾಜ್ಯಗಳಲ್ಲಿ ಜಿಲ್ಲೆಗಳನ್ನು ಕೌಂಟಿಗಳೆಂದು ಕರೆದರೆ, ಲೂಯಿಸಿಯಾನ ರಾಜ್ಯದಲ್ಲಿ ಮಾತ್ರ ಸರ್ಕಾರಿ ಜಿಲ್ಲೆಗಳಿಗೂ ಪ್ಯಾರಿಷ್, ಎಂದರೆ ಧರ್ಮಕೇಂದ್ರ ಎಂಬ ಹೆಸರೇ ಇದೆ. ಜಗತ್ಪ್ರಸಿದ್ಧವಾದ ಅಲ್ಲಿನ ಮಾರ್ಡಿ ಗ್ರಾ ಉತ್ಸವ ವಿಭೂತಿ ಬುಧವಾರದ ಹಿಂದಿನ ದಿನ ಮುಕ್ತಾಯವಾಗುತ್ತದೆ. ಗೋವೆಯ ಕಾರ್ನಿವಲ್ ಕಂಡವರಿಗೆ ಇದರ ಪರಿಕಲ್ಪನೆ ಹೊಸದಲ್ಲ. ತಪಸ್ಸುಕಾಲದ ಉಪವಾಸಕ್ಕೆ ಮೊದಲು ಉಂಡು ಕುಣಿಯುವ ಹಬ್ಬವದು.

ಆದರೆ ಈ ನಗರದ ಇತಿಹಾಸದಲ್ಲಿ ಸಂತೋಷದಷ್ಟೇ ದುಃಖವೂ ಸೇರಿದೆ. ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರಿನ ಮೇಲೆ ಅದರ ಸಂಪತ್ತು ಬೆಳೆಯಿತು. 1724ರಲ್ಲಿ ಫ್ರೆಂಚ್ ಆಡಳಿತ ಅಲ್ಲಿ ಜಾರಿಗೆ ತಂದ ಗುಲಾಮರ ಕಾಯಿದೆ ಎಷ್ಟೋ ಕಡೆ ಕ್ರೂರವಾಗಿದ್ದರೂ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಗುಲಾಮರನ್ನು ದುಡಿಸಕೂಡದೆಂದು ವಿಧಿಸಿತ್ತು. ವಾರಕ್ಕೊಮ್ಮೆ ದೊರೆತ ಆ ಬಿಡುವಿನಲ್ಲಿ ಅವರು ಬಯಲಿನಲ್ಲಿ ಸೇರಿ ತಮ್ಮ ನಾಡಿನ ಚರ್ಮವಾದ್ಯಗಳನ್ನು ಬಾರಿಸಿ ಕುಣಿದರು. 1817ರಲ್ಲಿ ನಗರಸಭೆ ಅದಕ್ಕೂ ಮಿತಿ ಹಾಕಿ, ಭಾನುವಾರದಂದು ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಅವರು ಕೂಡಬಹುದೆಂದು ನಿಯಮ ಮಾಡಿತು. ಕಾಂಗೋ ಸ್ಕ್ವೇರ್ ಎಂದು ಹೆಸರಾದ ಆ ಬಯಲು ಇಂದಿಗೂ ಅಲ್ಲಿನ ಟ್ರೆಮೆ ಬಡಾವಣೆಯಲ್ಲಿದೆ. ಬಡವರ ಹಾಡು, ಕುಣಿತ ಎಲ್ಲಿ ಎಷ್ಟು ಹೊತ್ತು ನಡೆಯಬೇಕೆಂಬುದನ್ನು ಆಡಳಿತ ಅಳೆದು ಕೊಡುವ ಪದ್ಧತಿ ಆ ಊರಿನಲ್ಲಿ ನಿನ್ನೆ ಮೊನ್ನೆಯದಲ್ಲವೆಂಬುದನ್ನು ತೋರಿಸಲು ಇಷ್ಟು ಹೇಳಬೇಕಾಯಿತು.

ಗುಲಾಮಗಿರಿ ತೊಲಗಿದ ಮೇಲೂ ಕರಿಯ ಜನರ ಕಷ್ಟ ತೊಲಗಲಿಲ್ಲ. ವಿಮಾ ಕಂಪನಿಗಳು ಅವರನ್ನು ಬಾಗಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಾಯಿಲೆ ಬಿದ್ದರೆ ಔಷಧಕ್ಕೆ ಹಣವಿಲ್ಲ; ಸತ್ತರೆ ಶವಪೆಟ್ಟಿಗೆಗೂ ಹಣವಿಲ್ಲ. ಈ ಅಗತ್ಯದಿಂದಲೇ ಪರಸ್ಪರ ಸಹಾಯದ ಸಂಘಗಳು ಹುಟ್ಟಿಕೊಂಡವು. ಸದಸ್ಯರು ವಂತಿಗೆ ಕೂಡಿಸುತ್ತಿದ್ದರು. ಆ ನಿಧಿಯಿಂದ ವೈದ್ಯನ ಖರ್ಚು, ಔಷಧದ ಖರ್ಚು, ಕೊನೆಗೆ ಗೌರವದ ಶವಸಂಸ್ಕಾರದ ಖರ್ಚು ನಡೆಯುತ್ತಿತ್ತು. ಯಂಗ್ ಮೆನ್ ಒಲಿಂಪಿಯನ್ ಎಂಬ ಸಂಘ 1884ರಲ್ಲಿ ಸ್ಥಾಪನೆಯಾದುದು. 1909ರಿಂದ ಮೆರವಣಿಗೆ ನಡೆಸುತ್ತಿರುವ ಜುಲು ಸಂಘ ಇನ್ನೊಂದು. ಅದೇ ಊರಿನಲ್ಲಿ 1901ರಲ್ಲಿ ಹುಟ್ಟಿ ಜಗತ್ತೆಲ್ಲ ಹೆಸರಾದ ತುತೂರಿವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1949ರಲ್ಲಿ ಈ ಸಂಘದ ಉತ್ಸವರಾಜನಾಗಿ ಮೆರೆದರು. ಸೋಶಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್ ಎಂಬುದು ಈ ಸಂಘಗಳ ಸಾಮಾನ್ಯ ಹೆಸರು. ಸಮಾಜಕ್ಕೆ ಸಹಾಯ, ಮನಸ್ಸಿಗೆ ಸಂತೋಷ, ಎರಡೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿರುವುದು ಗಮನಾರ್ಹ.

ಸದಸ್ಯನು ತೀರಿಕೊಂಡಾಗ ಬ್ಯಾಂಡಿನವರು ಶವದ ಮುಂದೆ ಶೋಕರಾಗ ನುಡಿಸುತ್ತ ಸ್ಮಶಾನಕ್ಕೆ ಹೋಗುತ್ತಾರೆ; ಮಣ್ಣು ಮಾಡಿ ಮರಳುವಾಗ ಅದೇ ಬ್ಯಾಂಡು ಸಂತೋಷದ ರಾಗವೆತ್ತುತ್ತದೆ. ಅಳುವನ್ನು ಸ್ಮಶಾನದಲ್ಲಿ ಬಿಟ್ಟು ಭರವಸೆಯನ್ನು ಮನೆಗೆ ತರುವ ಈ ಸಂಪ್ರದಾಯ, ಪುನರುತ್ಥಾನವನ್ನು ನಂಬುವ ನಮಗೆ ವಿವರಣೆಯಿಲ್ಲದೆ ತಿಳಿಯುವಂಥದು. ಶವಯಾತ್ರೆಯ ಈ ಪದ್ಧತಿಯೇ ಬೆಳೆದು ಸಂಘಗಳ ವಾರ್ಷಿಕ ಮೆರವಣಿಗೆಯಾಯಿತು. ಆಗಸ್ಟ್ ಕೊನೆಯಿಂದ ಜೂನ್‌ವರೆಗೆ ಬಹುತೇಕ ಪ್ರತಿ ಭಾನುವಾರ ಒಂದಲ್ಲ ಒಂದು ಸಂಘ, ಒಂದೇ ಬಣ್ಣದ ಹೊಸ ಉಡುಪು ತೊಟ್ಟು, ಗರಿಗಳ ಬೀಸಣಿಗೆ ಹಿಡಿದು, ಸುಮಾರು ನಾಲ್ಕು ತಾಸು ತನ್ನ ಬಡಾವಣೆಯ ಬೀದಿಗಳಲ್ಲಿ ಕುಣಿದು ಸಾಗುತ್ತದೆ. ಸಂಘದವರೂ ಬ್ಯಾಂಡಿನವರೂ ಮೊದಲನೆಯ ಸಾಲು. ಅವರ ಬೆನ್ನ ಹಿಂದೆ ಸೇರಿಕೊಳ್ಳುವ ಊರಿನ ಜನ ಎರಡನೆಯ ಸಾಲು. ಹೀಗಾಗಿ ಈ ಮೆರವಣಿಗೆಗೆ ಸೆಕೆಂಡ್ ಲೈನ್ ಎಂದೇ ಹೆಸರು ಬಂತು. ನೋಡುವವರಿಗೆ ಟಿಕೆಟ್ ಇಲ್ಲ, ಸೇರುವವರಿಗೆ ತಡೆಯಿಲ್ಲ. ಬ್ಯಾಂಡಿನವರ ಸಂಭಾವನೆ, ಉಡುಪು, ಪೊಲೀಸ್ ಪರವಾನಗಿ ಎಲ್ಲಕ್ಕೂ ಸದಸ್ಯರೇ ವರ್ಷವಿಡೀ ಹಣ ಕೂಡಿಡುತ್ತಾರೆ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಈ ನಗರದ ಮೇಲೆರಗಿತು. ತಡೆಗೋಡೆಗಳು ಒಡೆದು ನಗರದ ಶೇಕಡ 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಮಂದಿ ಬೇರೆ ಬೇರೆ ರಾಜ್ಯಗಳಿಗೆ ಚದುರಿಹೋದರು. ಬಡ ಬಡಾವಣೆಗಳಲ್ಲಿ ಮನೆಗಳು ತಿಂಗಳುಗಟ್ಟಲೆ ಬಾಗಿಲು ಹಾಕಿದ್ದವು. ಆ ಸ್ಥಿತಿಯಲ್ಲಿ 2006ರ ಜನವರಿ 15ರ ಭಾನುವಾರ ಮೂವತ್ತಕ್ಕೂ ಹೆಚ್ಚು ಸಂಘಗಳು ಕೂಡಿ ದೊಡ್ಡ ಮೆರವಣಿಗೆಯೊಂದನ್ನು ಏರ್ಪಡಿಸಿದವು. ದೂರದ ಊರುಗಳಲ್ಲಿ ನಿರಾಶ್ರಿತರಾಗಿದ್ದವರು ಅದಕ್ಕಾಗಿಯೇ ಪ್ರಯಾಣ ಮಾಡಿ ಬಂದರು. ನಾವು ಹಿಂದಿರುಗಿ ಬರುತ್ತೇವೆ ಎಂದು ಊರಿಗೆ ಸಾರಿ ಹೇಳುವುದೇ ಮೆರವಣಿಗೆಯ ಉದ್ದೇಶವಾಗಿತ್ತು.

ದುರ್ದೈವದಿಂದ ಅಂದು ಗುಂಡಿನ ಸದ್ದು ಕೇಳಿಸಿತು. ಮೂವರು ಗಾಯಗೊಂಡರು. ಗುಂಡು ಹಾರಿಸಿದವರು ತಮ್ಮ ಸದಸ್ಯರಲ್ಲವೆಂದು ಸಂಘಗಳು ಸ್ಪಷ್ಟಪಡಿಸಿದವು. ಆದರೂ ಪೊಲೀಸ್ ಇಲಾಖೆ ಹೆಚ್ಚಿನ ಬಂದೋಬಸ್ತು ಬೇಕೆಂದು ನಿರ್ಧರಿಸಿ ಅದರ ವೆಚ್ಚವನ್ನು ಸಂಘಗಳ ತಲೆಗೆ ಕಟ್ಟಿತು. ಅದುವರೆಗೆ ಸುಮಾರು 1,200 ಡಾಲರ್ ಇದ್ದ ಮೆರವಣಿಗೆಯ ಶುಲ್ಕ ಒಮ್ಮೆಗೇ 4,445 ಡಾಲರಿಗೆ ಏರಿತು. ಅಂದಿನ ವಿನಿಮಯ ದರದಲ್ಲಿ ಇದು ನಮ್ಮ ಸುಮಾರು ಎರಡು ಲಕ್ಷ ರೂಪಾಯಿ. ಮನೆ ಮುಳುಗಿ, ಕೆಲಸ ಹೋಗಿ, ಬಾಡಿಗೆಗೂ ಪರದಾಡುತ್ತಿದ್ದ ಜನರಿಗೆ ನಾಲ್ಕು ತಾಸಿನ ಬೀದಿಗೆ ಇಷ್ಟು ಹಣ ತೆರಬೇಕೆಂದರೆ ಅದು ನಿಷೇಧಕ್ಕೆ ಸಮಾನವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಗರಾಡಳಿತದ ಪಕ್ಷವನ್ನೂ ನಾವು ನ್ಯಾಯವಾಗಿ ನೋಡಬೇಕು. ಚಂಡಮಾರುತದ ನಂತರ ನಗರದ ಬೊಕ್ಕಸ ಬರಿದಾಗಿತ್ತು. 2005ರ ಅಕ್ಟೋಬರಿನಲ್ಲಿ ನಗರಾಧ್ಯಕ್ಷ ರೇ ನೇಗಿನ್ ಸುಮಾರು 3,000 ಮಂದಿ ಪೌರನೌಕರರನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಯಿತು. ಪೊಲೀಸರಲ್ಲೂ ಎಷ್ಟೋ ಮಂದಿ ಮನೆಮಠ ಕಳೆದುಕೊಂಡಿದ್ದರು. ಮೆರವಣಿಗೆಯಲ್ಲಿ ಗುಂಡು ಹಾರುವ ಭಯವೂ ಕಲ್ಪಿತವಾದುದಲ್ಲ; ವರ್ಷಗಳ ನಂತರ, 2013ರ ಮೇ 12ರಂದು, ಇಂಥದೇ ಭಾನುವಾರದ ಮೆರವಣಿಗೆಯೊಂದರಲ್ಲಿ ಗುಂಡೇಟಿನಿಂದ ಸುಮಾರು ಇಪ್ಪತ್ತು ಮಂದಿ ಗಾಯಗೊಂಡರು. ಜನರ ಪ್ರಾಣ ಕಾಯುವುದು ಆಡಳಿತದ ಮೊದಲ ಕರ್ತವ್ಯ. ಆ ಕರ್ತವ್ಯಕ್ಕೆ ಹಣ ಬೇಕೆಂಬುದನ್ನು ಅಲ್ಲಗಳೆಯುವವರು ಯಾರೂ ಇಲ್ಲ.

ಪ್ರಶ್ನೆಯಿರುವುದು ಆ ಹಣವನ್ನು ಯಾರಿಂದ, ಯಾವ ಲೆಕ್ಕದಲ್ಲಿ ವಸೂಲು ಮಾಡಬೇಕೆಂಬುದರಲ್ಲಿ. ದಾರಿಯಲ್ಲಿ ಯಾವನೋ ಪಾತಕಿ ಅಪರಾಧ ಮಾಡಿದರೆ ಅದರ ದಂಡವನ್ನು ದಾರಿಯಲ್ಲಿ ಹಾಡುತ್ತ ಹೋದವನು ತೆರಬೇಕೆ? ಅಂಗಡಿಬೀದಿಯಲ್ಲಿ ಕಳ್ಳತನ ಹೆಚ್ಚಾದರೆ ಪೊಲೀಸರ ಸಂಬಳವನ್ನು ಅಂಗಡಿಗೆ ಬಂದ ಗಿರಾಕಿಗಳಿಂದ ವಸೂಲು ಮಾಡುವುದುಂಟೆ? ಅದೇ ನಗರದಲ್ಲಿ ಮಾರ್ಡಿ ಗ್ರಾ ಉತ್ಸವದ ಬೃಹತ್ ಮೆರವಣಿಗೆಗಳ ಬಂದೋಬಸ್ತಿಗೂ ಕಸ ಗುಡಿಸುವುದಕ್ಕೂ ನಗರದ ಬೊಕ್ಕಸದಿಂದಲೇ ದೊಡ್ಡ ಮೊತ್ತ ವ್ಯಯವಾಗುತ್ತದೆ. ಪ್ರವಾಸಿಗರನ್ನು ಸೆಳೆಯುವ ಉತ್ಸವಕ್ಕೆ ಬೊಕ್ಕಸ ತೆರೆಯುವುದು, ಬಡಾವಣೆಯ ಬಡವರ ಉತ್ಸವಕ್ಕೆ ಬಿಲ್ಲು ಬರೆಯುವುದು, ಇದು ಯಾವ ನ್ಯಾಯ? ಇದರಲ್ಲಿ ಇನ್ನೊಂದು ವೈಪರೀತ್ಯವೂ ಇದೆ. ಇದೇ ಸಂಘಗಳ ಕುಣಿತ, ಬ್ಯಾಂಡು, ಗರಿಬೀಸಣಿಗೆಗಳ ಚಿತ್ರವನ್ನು ಮುಂದಿಟ್ಟುಕೊಂಡೇ ನಗರವು ಪ್ರವಾಸೋದ್ಯಮದ ಲಾಭ ಪಡೆಯುತ್ತದೆ. 1970ರಲ್ಲಿ ಆರಂಭವಾದ ಅಲ್ಲಿನ ಪ್ರಸಿದ್ಧ ಜಾಸ್ ಉತ್ಸವದಲ್ಲಿ ಈ ಸಂಘಗಳ ಮೆರವಣಿಗೆ ಒಂದು ಮುಖ್ಯ ಆಕರ್ಷಣೆ. ಹೂವಿನ ಪರಿಮಳ ಎಲ್ಲರಿಗೂ ಬೇಕು. ನೀರೆರೆಯುವ ಖರ್ಚು ಮಾತ್ರ ತೋಟಗಾರನದು ಎಂದ ಹಾಗಾಯಿತು.

ಪೊಲೀಸರಿಗೂ ಈ ಜನರಿಗೂ ನಡುವೆ ಅಪನಂಬಿಕೆ ಚಂಡಮಾರುತಕ್ಕಿಂತ ಹಿಂದಿನದೆಂಬುದನ್ನು ಇಲ್ಲಿ ನೆನೆಯಬೇಕು. ಅದೇ ಊರಿನ ಕರಿಯ ಜನರಲ್ಲಿ ಮಾರ್ಡಿ ಗ್ರಾ ಇಂಡಿಯನ್ನರೆಂಬ ಇನ್ನೊಂದು ಕಲಾಪರಂಪರೆಯವರಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಗೌರವಾರ್ಥ ಮಣಿ ಮತ್ತು ಗರಿಗಳ ಭಾರೀ ವೇಷವನ್ನು ವರ್ಷವಿಡೀ ಕೈಯಿಂದ ಹೊಲಿದು ಮಾರ್ಡಿ ಗ್ರಾ ದಿನವೂ, ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ರಾತ್ರಿಯೂ ಅವರು ಬೀದಿಗೆ ಬರುತ್ತಾರೆ. 2005ರ ಜೋಸೆಫರ ಹಬ್ಬದ ರಾತ್ರಿ ಪೊಲೀಸರು ಅವರನ್ನು ಗದರಿಸಿ ಚದುರಿಸಿದರು. ಈ ಕುರಿತು ಜೂನ್ 27ರಂದು ನಗರಸಭೆಯಲ್ಲಿ ವಿಚಾರಣೆ ನಡೆಯಿತು. ಐವತ್ತು ವರ್ಷಗಳಷ್ಟು ಕಾಲ ತನ್ನ ತಂಡದ ನಾಯಕನಾಗಿದ್ದ 82 ವರ್ಷ ವಯಸ್ಸಿನ ಆಲಿಸನ್ ಮೊಂಟಾನಾ ಸಭೆಯ ಮುಂದೆ ನಿಂತು, ತನ್ನ ಜೀವಮಾನವಿಡೀ ಹಬ್ಬದ ಬೀದಿಯಲ್ಲಿ ಪೊಲೀಸರಿಂದ ಕಂಡ ಒರಟುತನವನ್ನು ವಿವರಿಸುತ್ತಿದ್ದಂತೆಯೇ ಕುಸಿದು ಬಿದ್ದು ಪ್ರಾಣಬಿಟ್ಟರು. ವೃದ್ಧ ಕಲಾವಿದನೊಬ್ಬ ತನ್ನ ಕಲೆಗೆ ಬೀದಿಯಲ್ಲಿ ಜಾಗ ಕೇಳುತ್ತಲೇ ನಗರಸಭೆಯ ನೆಲದ ಮೇಲೆ ಕೊನೆಯುಸಿರೆಳೆದ ಈ ಘಟನೆ ಊರಿನ ಮನಸ್ಸಾಕ್ಷಿಯನ್ನು ಕಲಕಿತು. ಮಾರನೆಯ ವರ್ಷದ ಶುಲ್ಕದ ವ್ಯಾಜ್ಯ ಈ ನೆನಪಿನ ನೆರಳಿನಲ್ಲಿಯೇ ನಡೆಯಿತು.

2006ರ ನವೆಂಬರಿನಲ್ಲಿ ಸಂಘಗಳ ಒಕ್ಕೂಟ, ನಾಗರಿಕ ಹಕ್ಕುಗಳ ಸಂಸ್ಥೆಯೊಂದರ ನೆರವಿನಿಂದ, ಕೇಂದ್ರ ಸರ್ಕಾರದ ಜಿಲ್ಲಾ ನ್ಯಾಯಾಲಯದಲ್ಲಿ ನಗರದ ಮೇಲೆ ದಾವೆ ಹೂಡಿತು. ಬೀದಿಯಲ್ಲಿ ಕೂಡಿ ನಡೆಯುವುದೂ ಒಂದು ಅಭಿವ್ಯಕ್ತಿ; ಅದನ್ನು ಅಸಾಧ್ಯವಾಗಿಸುವ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂಬುದು ಅವರ ವಾದದ ತಿರುಳು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ ಎರಡು ತೀರ್ಪುಗಳಿಂದ ದಾರಿ ಹಾಕಿಕೊಟ್ಟಿತ್ತು. 1941ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪ್ರಕರಣವೊಂದರಲ್ಲಿ, ಮೆರವಣಿಗೆಯ ಉಸ್ತುವಾರಿಗೆ ತಗಲುವ ವೆಚ್ಚವನ್ನು ತುಂಬಿಕೊಳ್ಳಲು ಆಡಳಿತವು ಶುಲ್ಕ ವಿಧಿಸಬಹುದೆಂದು ಅದು ಹೇಳಿತು. 1992ರಲ್ಲಿ ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಯ ಪ್ರಕರಣದಲ್ಲಿ, ಅಧಿಕಾರಿಯು ತನ್ನ ಮನಸ್ಸಿಗೆ ಬಂದಂತೆ ಶುಲ್ಕವನ್ನು ಏರಿಳಿಸುವಂತಿಲ್ಲ, ಎದುರಾಳಿಗಳು ದೊಂಬಿ ಮಾಡಿಯಾರೆಂಬ ಕಾರಣಕ್ಕೆ ಮೆರವಣಿಗೆ ಮಾಡುವವರಿಂದ ಹೆಚ್ಚು ಹಣ ಕೇಳುವಂತಿಲ್ಲ ಎಂದು ತೀರ್ಮಾನಿಸಿತು. ಶುಲ್ಕವೇ ಕೂಡದೆಂದು ಯಾವ ತೀರ್ಪೂ ಹೇಳಿಲ್ಲ. ಶುಲ್ಕಕ್ಕೊಂದು ಅಳತೆಗೋಲು ಇರಬೇಕೆಂದು ಎರಡನೆಯ ತೀರ್ಪು ಹೇಳಿದೆ.

ದಾವೆ ಕೊನೆಯವರೆಗೂ ನಡೆಯಲಿಲ್ಲ. 2007ರ ಏಪ್ರಿಲ್‌ನಲ್ಲಿ ಉಭಯ ಪಕ್ಷಗಳು ರಾಜಿಗೆ ಬಂದು ಶುಲ್ಕವನ್ನು 1,985 ಡಾಲರಿಗೆ ಇಳಿಸಲಾಯಿತು. ಹಳೆಯ ದರಕ್ಕಿಂತ ಇದು ಹೆಚ್ಚು; ಏರಿಸಿದ ದರದ ಅರ್ಧಕ್ಕೂ ಕಡಿಮೆ. ಸಂಘಗಳು ಪೂರ್ತಿ ಗೆದ್ದವೆನ್ನಲಾಗದು, ಆಡಳಿತ ಪೂರ್ತಿ ಸೋತಿತೆನ್ನಲಾಗದು. ಆದರೆ ಭಾನುವಾರದ ಮೆರವಣಿಗೆ ಉಳಿದುಕೊಂಡಿತು. ಊರು ಬಿಟ್ಟವರು ಮರಳಲು ಊರಿನಲ್ಲಿ ಮನೆಯಿದ್ದರೆ ಸಾಲದು, ಊರೆಂಬ ಭಾವನೆಯೂ ಇರಬೇಕು. ಅದನ್ನು ಕಾಪಾಡಿದ್ದು ಈ ಮೆರವಣಿಗೆಗಳೇ. ಆ ದೃಷ್ಟಿಯಿಂದ ಈ ರಾಜಿಯ ಬೆಲೆ ಡಾಲರುಗಳ ಲೆಕ್ಕಕ್ಕೆ ಸಿಗುವುದಿಲ್ಲ.

ಹಣ ತೆರುವುದೆಂದಾಗ ಟ್ರೆಮೆ ಬಡಾವಣೆಯ ಸಂತ ಅಗಸ್ಟೀನರ ದೇವಾಲಯದ ಕಥೆಯೊಂದು ನಮಗೆ ನೆನಪಾಗುತ್ತದೆ. 1842ರಲ್ಲಿ ಅದರ ಪ್ರತಿಷ್ಠೆಯಾಗುವ ಮೊದಲು, ಅಂದಿನ ಪದ್ಧತಿಯಂತೆ ಕುಟುಂಬಗಳು ಹಣ ಕೊಟ್ಟು ಬೆಂಚುಗಳನ್ನು ಪಡೆಯಬೇಕಿತ್ತು. ಬಿಳಿಯರೂ ಸ್ವತಂತ್ರರಾದ ಕರಿಯರೂ ಪೈಪೋಟಿಯಲ್ಲಿ ಬೆಂಚು ಕೊಂಡರು. ಸ್ವತಂತ್ರ ಕರಿಯರು ತಮ್ಮ ಕುಟುಂಬಗಳಿಗಷ್ಟೇ ಅಲ್ಲದೆ, ಎರಡು ಪಕ್ಕದ ಸಾಲುಗಳ ಬೆಂಚುಗಳನ್ನೂ ಕೊಂಡು ಗುಲಾಮರು ಕುಳಿತು ಪೂಜೆಯಲ್ಲಿ ಭಾಗವಹಿಸುವಂತೆ ಬಿಟ್ಟುಕೊಟ್ಟರೆಂದು ಆ ಧರ್ಮಕೇಂದ್ರದ ಪರಂಪರೆ ಹೇಳುತ್ತದೆ. ಕೊಡಲು ಶಕ್ತಿಯಿದ್ದವನು ಕೊಡಲಾರದವನಿಗಾಗಿ ಕೊಟ್ಟನು. ಇದೇ ಧರ್ಮಕೇಂದ್ರವನ್ನು ಚಂಡಮಾರುತದ ನಂತರ 2006ರಲ್ಲಿ ಮುಚ್ಚಲು ಮಹಾಧರ್ಮಪ್ರಾಂತ್ಯ ನಿರ್ಧರಿಸಿದಾಗ ಭಕ್ತರು ಪ್ರತಿಭಟಿಸಿದರು. ಮಾತುಕತೆ ನಡೆದು ಕೆಲವು ಷರತ್ತುಗಳ ಮೇಲೆ ಅದೇ ವರ್ಷ ಏಪ್ರಿಲ್‌ನಲ್ಲಿ ಅದು ಮತ್ತೆ ತೆರೆಯಿತು. ಖರ್ಚಿನ ಲೆಕ್ಕ ನೋಡಿ ಬಡವರ ಕೂಟವನ್ನು ಮುಚ್ಚುವ ಯೋಚನೆ ನಗರಸಭೆಗೆ ಮಾತ್ರ ಬರುವುದಿಲ್ಲ, ಧರ್ಮಸಭೆಯ ಆಡಳಿತಕ್ಕೂ ಬರುತ್ತದೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಎರಡು ಕಡೆಯೂ ಕುಳಿತು ಮಾತನಾಡಿದಾಗ ಬಾಗಿಲು ತೆರೆಯಿತೆಂಬುದೂ ಅಷ್ಟೇ ಸತ್ಯ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಶುಲ್ಕವೆಂದರೇನು, ಅದಕ್ಕೂ ತೆರಿಗೆಗೂ ಭೇದವೇನೆಂಬ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟು ಮೊದಲ ಬಾರಿಗೆ ವಿಸ್ತಾರವಾಗಿ ಚರ್ಚಿಸಿದ್ದು ನಮ್ಮ ಕರಾವಳಿಯಿಂದ ಹೋದ ವ್ಯಾಜ್ಯವೊಂದರಲ್ಲಿಯೇ ಎಂಬುದು ಹೆಚ್ಚಿನವರಿಗೆ ತಿಳಿಯದು. ದಕ್ಷಿಣ ಕನ್ನಡ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ಕಾಲವದು. 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯಿದೆ ಮಠ ಮಂದಿರಗಳಿಂದ ಅವುಗಳ ಆದಾಯದ ಶೇಕಡ 5ರವರೆಗೆ ವಾರ್ಷಿಕ ವಂತಿಗೆ ವಸೂಲು ಮಾಡಲು ಅವಕಾಶ ಕೊಟ್ಟಿತ್ತು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮೀಜಿಯವರು ಆ ಕಾಯಿದೆಯನ್ನು ಪ್ರಶ್ನಿಸಿದರು. 1954ರಲ್ಲಿ ತೀರ್ಪು ನೀಡಿದ ನ್ಯಾಯಾಲಯ, ತೆರಿಗೆಯು ಪ್ರತಿಫಲದ ಮಾತಿಲ್ಲದೆ ಎಲ್ಲರಿಂದ ಎತ್ತುವ ಹಣ, ಶುಲ್ಕವಾದರೋ ಕೊಟ್ಟವನಿಗೆ ಸಲ್ಲಿಸುವ ಸೇವೆಗೆ ಸಂಬಂಧಪಟ್ಟ ಹಣ ಎಂದು ಭೇದ ತೋರಿಸಿತು. ಎತ್ತಿದ ಹಣ ಸರ್ಕಾರದ ಸಾಮಾನ್ಯ ನಿಧಿಗೆ ಹೋಗುತ್ತಿದ್ದು ಸೇವೆಗೂ ಅದಕ್ಕೂ ಸಂಬಂಧ ಕಾಣದಿದ್ದುದರಿಂದ ಆ ವಂತಿಗೆಯನ್ನು ಶುಲ್ಕವೆನ್ನಲಾಗದೆಂದು ತಳ್ಳಿಹಾಕಿತು. ಕೊಟ್ಟ ಕಾಸಿಗೆ ತಕ್ಕ ಸೇವೆ ಎಂಬ ಈ ನಿಯಮವನ್ನು ನಂತರದ ತೀರ್ಪುಗಳು ಕೊಂಚ ಸಡಿಲಿಸಿದವು. ಕಾಸಿಗೆ ಕಾಸಿನ ಲೆಕ್ಕ ಬೇಕಿಲ್ಲ, ಶುಲ್ಕಕ್ಕೂ ಸೇವೆಗೂ ಸ್ಥೂಲವಾದ ಹೊಂದಾಣಿಕೆಯಿದ್ದರೆ ಸಾಕೆಂದು 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ಪ್ರಕರಣದಲ್ಲಿ ಹೇಳಲಾಯಿತು.

ನಮ್ಮಲ್ಲಿಯೂ ಹಬ್ಬವೊಂದನ್ನು ಬೀದಿಗೆ ತರಬೇಕಾದರೆ ಹಲವು ಬಾಗಿಲು ತಟ್ಟಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದು ನಿಷಿದ್ಧ. ಸಾಂಸ್ಕೃತಿಕ ಹಾಗೂ ಧಾರ್ಮಿಕ ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಇದಲ್ಲದೆ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ರಾಜ್ಯ ಸರ್ಕಾರಗಳ ಮನರಂಜನಾ ತೆರಿಗೆ ಅದರಲ್ಲಿ ವಿಲೀನವಾದರೂ, ಸಂವಿಧಾನದ 101ನೇ ತಿದ್ದುಪಡಿ ಪಂಚಾಯತು ಮತ್ತು ಪುರಸಭೆಗಳು ವಿಧಿಸಿ ವಸೂಲು ಮಾಡುವ ಮನರಂಜನಾ ತೆರಿಗೆಗೆ ಅವಕಾಶ ಉಳಿಸಿದೆ. ಸ್ಥಳೀಯ ಸಂಸ್ಥೆಗಳ ಆದಾಯದ ಹಸಿವು ಬೆಳೆದಂತೆಲ್ಲ ನಾಟಕ, ಬಯಲಾಟ, ಬ್ಯಾಂಡು, ಪರಿಷೆಗಳ ಮೇಲೆ ಅವುಗಳ ಕಣ್ಣು ಬೀಳುವುದು ಅಸಂಭವವೇನಲ್ಲ. ಸಭಾಭವನದ ಬಾಡಿಗೆ ಏರಿದಾಗ ಮೊದಲು ನಿಲ್ಲುವುದು ಶ್ರೀಮಂತರ ಮದುವೆಯಲ್ಲ, ಹವ್ಯಾಸಿಗಳ ನಾಟಕ. ಆದ್ದರಿಂದ ನ್ಯಾಯವಾದ ಶುಲ್ಕ ಯಾವುದು, ಅನ್ಯಾಯದ ಶುಲ್ಕ ಯಾವುದೆಂಬ ವಿವೇಚನೆ ನಮ್ಮಲ್ಲಿ ಈಗಲೇ ಬೆಳೆಯುವುದು ಒಳ್ಳೆಯದು.

ನಮ್ಮ ಅಭಿಪ್ರಾಯದಲ್ಲಿ ನ್ಯಾಯವಾದ ಶುಲ್ಕಕ್ಕೆ ನಾಲ್ಕು ಲಕ್ಷಣಗಳಿವೆ. ಒಂದು, ಅದು ಸಲ್ಲಿಸಿದ ಸೇವೆಗೆ ಹೊಂದಿರಬೇಕು. ಬೊಕ್ಕಸದ ತೂತು ಮುಚ್ಚುವ ಬೆಣೆಯಾಗಬಾರದು. ಎರಡು, ಅದು ಮುಂಗಡವಾಗಿ ಎಲ್ಲರಿಗೂ ತಿಳಿದಿರಬೇಕು. ಅರ್ಜಿ ಹಿಡಿದು ಬಂದವರ ಮುಖ ನೋಡಿ ನಿರ್ಧಾರವಾಗಬಾರದು. ಮೂರು, ಅದು ಎಲ್ಲ ಮತದವರಿಗೂ ಎಲ್ಲ ಅಂತಸ್ತಿನವರಿಗೂ ಒಂದೇ ಅಳತೆಯದಾಗಿರಬೇಕು. ರಿಯಾಯಿತಿ ಕೊಡುವುದಾದರೆ ಅದು ಬಲಿಷ್ಠನಿಗಲ್ಲ, ಬಡವನಿಗೆ ಸಲ್ಲಬೇಕು. ನಾಲ್ಕು, ಮೂರನೆಯವನು ಮಾಡಿದ ಅಪರಾಧದ ಹೊರೆಯನ್ನು ಅದು ನಿರಪರಾಧಿಯ ಮೇಲೆ ಹೇರಬಾರದು. ನ್ಯೂ ಆರ್ಲಿಯನ್ಸಿನ 4,445 ಡಾಲರಿನ ಶುಲ್ಕ ಈ ನಾಲ್ಕನೆಯ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಸೋತಿತೆಂದೇ ನಾವು ಭಾವಿಸುತ್ತೇವೆ.

ಆದರೆ ಆಡಳಿತಕ್ಕೆ ಬುದ್ಧಿ ಹೇಳಿ ಹಬ್ಬ ಮಾಡುವವರನ್ನು ಹೊಗಳಿ ಲೇಖನಿ ಕೆಳಗಿಡುವುದು ಪ್ರಾಮಾಣಿಕತೆಯಾಗದು. ಹಬ್ಬವೆಂದಾಕ್ಷಣ ರಸ್ತೆಗೆ ಅಡ್ಡಲಾಗಿ ಕಮಾನು ಕಟ್ಟಿ ಗುಂಡಿ ತೋಡಿ ಹಾಗೆಯೇ ಬಿಟ್ಟುಹೋಗುವವರು, ಪಟಾಕಿಯ ಕಸವನ್ನು ಪೌರಕಾರ್ಮಿಕರ ಬೆನ್ನಿಗೆ ಹೊರಿಸುವವರು, ರೋಗಿಗಳಿರುವ ಮನೆಯ ಕಿಟಕಿಗೆ ಧ್ವನಿವರ್ಧಕ ತಿರುಗಿಸುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಬೀದಿ ಎಲ್ಲರದೆಂದು ಹಕ್ಕು ಕೇಳುವವರು ಅದು ನೆರೆಮನೆಯವರದೂ ಹೌದೆಂಬುದನ್ನು ಮರೆಯಬಾರದು. ಪ್ರತಿ ಧರ್ಮಕೇಂದ್ರದ ಹಬ್ಬದ ಸಮಿತಿ, ಪ್ರತಿ ಕಲಾಸಂಘ ತನ್ನದೇ ಸ್ವಯಂಸೇವಕರನ್ನು ನಿಯಮಿಸಿ, ಸಂಚಾರ ನೋಡಿಕೊಂಡು, ಮುಗಿದ ಮೇಲೆ ಬೀದಿಯನ್ನು ಗುಡಿಸಿ ಒಪ್ಪಿಸಿದರೆ, ಹೆಚ್ಚಿನ ಶುಲ್ಕ ಕೇಳಲು ಆಡಳಿತಕ್ಕೆ ನೆಪವೇ ಉಳಿಯದು. ಜಗಳಕ್ಕಿಳಿಯುವ ಮೊದಲು ಲೆಕ್ಕ ಕೇಳಬೇಕು: ಎಷ್ಟು ಪೊಲೀಸರು, ಎಷ್ಟು ತಾಸು, ಯಾವ ದರ? ನ್ಯೂ ಆರ್ಲಿಯನ್ಸಿನ ಸಂಘಗಳು ಬೀದಿಯಲ್ಲಿ ಕಲ್ಲು ತೂರಲಿಲ್ಲ. ಒಕ್ಕೂಟವಾಗಿ ನಿಂತು, ನಗರಸಭೆಯಲ್ಲಿ ಮಾತನಾಡಿ, ಕೊನೆಗೆ ನ್ಯಾಯಾಲಯದ ಬಾಗಿಲಿಗೆ ಹೋದವು. ಒಂದೊಂದೇ ಸಂಘ ಹೋಗಿದ್ದರೆ ಅದರ ಮಾತು ಮೇಜಿನ ಮೇಲಿನ ಕಡತಗಳಲ್ಲಿ ಹುದುಗಿಹೋಗುತ್ತಿತ್ತು. ಮೂವತ್ತು ಸಂಘಗಳು ಒಟ್ಟಾಗಿ ನಿಂತಾಗ ನಗರ ಕಿವಿಗೊಡಬೇಕಾಯಿತು. ಇಲ್ಲಿಯೂ ಚರ್ಚಿನ ಬ್ಯಾಂಡಿನವರು, ಯಕ್ಷಗಾನ ಮೇಳದವರು, ಗಣೇಶೋತ್ಸವ ಸಮಿತಿಯವರು, ಉರುಸ್ ನಡೆಸುವವರು ಶುಲ್ಕದ ಪ್ರಶ್ನೆ ಬಂದಾಗ ಒಂದೇ ಮೇಜಿನ ಮುಂದೆ ಕುಳಿತರೆ ಅದರಿಂದ ಶುಲ್ಕ ಮಾತ್ರವಲ್ಲ, ಮನಸ್ಸುಗಳ ಅಂತರವೂ ಇಳಿದೀತು.

ಬಡವರ ಬಾಳಿನಲ್ಲಿ ದುಡಿಮೆಯ ದಿನಗಳು ಆರು. ಏಳನೆಯದು ಅವರು ಮನುಷ್ಯರೆಂದು ಅವರಿಗೇ ನೆನಪು ಮಾಡಿಕೊಡುವ ದಿನ. ಆ ದಿನದ ಹಾಡಿಗೆ ಬೀದಿ ಕೊಡುವುದು ಆಡಳಿತ ಮಾಡುವ ಉಪಕಾರವಲ್ಲ, ಅದು ಅದರ ಕರ್ತವ್ಯಗಳಲ್ಲೊಂದು. ಮುಂದಿನ ಬಾರಿ ನಮ್ಮ ಪುರಸಭೆ ಅಥವಾ ಪಂಚಾಯತು ಹಬ್ಬದ ಶುಲ್ಕದ ಪಟ್ಟಿಯನ್ನು ಪರಿಷ್ಕರಿಸಲು ಕುಳಿತಾಗ, ಆ ಪಟ್ಟಿಯನ್ನು ಮೊದಲು ಊರಿನ ಅತ್ಯಂತ ಬಡ ಸಂಘದ ಕೈಗೆ ಕೊಟ್ಟು ಓದಿಸಲಿ. ಅವರು ಕೊಡಬಲ್ಲ ಶುಲ್ಕವಾದರೆ ಅದು ನ್ಯಾಯ. ಅದನ್ನು ಓದಿ ಅವರು ವಾದ್ಯಗಳನ್ನು ಮೂಲೆಗಿಟ್ಟರೆ, ನಷ್ಟವಾಗುವುದು ಅವರಿಗೊಬ್ಬರಿಗೇ ಅಲ್ಲ, ಇಡೀ ಊರಿಗೆ.